ಮತ್ತೊಮ್ಮೆ ಕೂರುವ ವರ್ಷ

2024ರ ನವೆಂಬರ್ 5ರಂದು ಐಐಟಿಗಳ ಜಂಟಿ ಪ್ರವೇಶ ಮಂಡಳಿ ಒಂದು ಪ್ರಕಟಣೆ ಹೊರಡಿಸಿತು. ಜೆಇಇ ಅಡ್ವಾನ್ಸ್‌ಡ್ ಪರೀಕ್ಷೆಗೆ ಎರಡೇ ಸಲ ಕೂರಬಹುದೆಂಬ ನಿಯಮವನ್ನು ಸಡಿಲಿಸಿ, ಇನ್ನು ಮುಂದೆ ಮೂರು ಸಲ ಕೂರಬಹುದು ಎಂದಿತು. ನವೆಂಬರ್ 18ರಂದು ಅದೇ ಮಂಡಳಿ ಆ ಮಾತನ್ನು ಹಿಂತೆಗೆದುಕೊಂಡಿತು. ಎರಡು ತಾರೀಖುಗಳ ನಡುವೆ ಇದ್ದದ್ದು 13 ದಿನ. ಅಷ್ಟರಲ್ಲಿ, ಪ್ರಕಟಣೆಯನ್ನು ನಂಬಿ, ತಾವು ಸೇರಿದ್ದ ಕಾಲೇಜನ್ನೇ ಬಿಟ್ಟು ಬಂದ ವಿದ್ಯಾರ್ಥಿಗಳಿದ್ದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಜನವರಿ 10ರಂದು ನ್ಯಾಯಾಲಯ, ಆ 13 ದಿನಗಳಲ್ಲಿ ಕಾಲೇಜು ಬಿಟ್ಟವರಿಗೆ ಪರೀಕ್ಷೆಗೆ ನೋಂದಾಯಿಸಿಕೊಳ್ಳಲು ಅವಕಾಶ ಕೊಡಬೇಕು ಎಂದಿತು.

ಹದಿನೆಂಟರ ಮಗ ಅಥವಾ ಮಗಳು "ಇನ್ನೊಂದು ಸಲ ಕೂರಲೇ?" ಎಂದು ಕೇಳಿದಾಗ ಮನೆಯವರು ಮೊದಲು ನೋಡುವುದು ಮಕ್ಕಳ ಮುಖವನ್ನು. ಛಲ ಇದೆಯೇ, ಕೂತು ಓದಿಯಾರೇ, ಇಲ್ಲ ಇದೊಂದು ನೆಪವೇ ಎಂದು ಅಳೆಯುತ್ತಾರೆ. ಆದರೆ ಉತ್ತರದ ಅರ್ಧ ಪಾಲು ಮಕ್ಕಳ ಕೈಯಲ್ಲೂ ಇಲ್ಲ, ಹೆತ್ತವರ ಕೈಯಲ್ಲೂ ಇಲ್ಲ. ಎಷ್ಟು ಸಲ ಬರೆಯಬಹುದು, ಹಳೆಯ ಅಂಕ ಲೆಕ್ಕಕ್ಕೆ ಬರುತ್ತದೆಯೇ, ವಯಸ್ಸಿನ ಮಿತಿ ಇದೆಯೇ, ಯಾವ ರಾಜ್ಯದ ಸೀಟಿಗೆ ಹಕ್ಕಿದೆ ಎಂಬುದನ್ನೆಲ್ಲ ಬೇರೆ ಯಾರೋ, ಬೇರೆಲ್ಲೋ ಕೂತು ತೀರ್ಮಾನಿಸುತ್ತಾರೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡ ಮನೆಗಳಲ್ಲಿ ಈ ಪ್ರಶ್ನೆ ಹೊಸದಲ್ಲ. ಅಜ್ಜನ ತಲೆಮಾರಿನವರೂ ಪರೀಕ್ಷೆಗೆ ಮತ್ತೆ ಕೂತವರೇ. ಆದರೆ ಅವರು ಕೂತ ಪರೀಕ್ಷೆಯ ಸ್ವಭಾವವೇ ಬೇರೆಯಿತ್ತು. ಮೊಮ್ಮಗನಿಗೆ ಬುದ್ಧಿ ಹೇಳುವಾಗ ಆ ವ್ಯತ್ಯಾಸ ಮರೆತುಹೋಗುತ್ತದೆ. ಮನೆಯ ಜಗಳಗಳಲ್ಲಿ ಬಹುಪಾಲು ಅಲ್ಲಿಂದಲೇ ಹುಟ್ಟುತ್ತವೆ.

ಮೊದಲಿಗೆ ಇದ್ದದ್ದು ಮ್ಯಾಟ್ರಿಕ್. ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1857ರಲ್ಲಿ; ಅದರ ಮೊದಲ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆ ನಡೆದದ್ದು 1859ರಲ್ಲಿ. ಮಹಾದೇವ ಗೋವಿಂದ ರಾನಡೆ ಅದರಲ್ಲಿ ತೇರ್ಗಡೆಯಾದ ಮೊದಲ ತಂಡದವರು. ಮ್ಯಾಟ್ರಿಕ್ ಎಂದರೆ ಶಾಲೆ ಮುಗಿಸಿದ್ದಕ್ಕೆ ಸಿಗುವ ಸರ್ಟಿಫಿಕೇಟ್ ಎಂದು ನಂತರದವರು ತಿಳಿದುಕೊಂಡರು. ಹುಟ್ಟಿದಾಗ ಅದು ಕಾಲೇಜಿನ ಪ್ರವೇಶ ಪರೀಕ್ಷೆಯೇ ಆಗಿತ್ತು. ವಿಶ್ವವಿದ್ಯಾಲಯ ತನ್ನ ಬಾಗಿಲಲ್ಲಿ ನಿಂತು, ಒಳಗೆ ಬರಲು ಯೋಗ್ಯರು ಯಾರು ಎಂದು ತಾನೇ ಪರೀಕ್ಷಿಸುತ್ತಿತ್ತು. ಧಾರವಾಡ, ಬೆಳಗಾವಿ, ವಿಜಯಪುರ ಮುಂಬಯಿ ಪ್ರಾಂತ್ಯದಲ್ಲಿದ್ದವು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿತು. ಹಾಗಾಗಿ ಕಾರವಾರ, ಕುಮಟಾ, ಧಾರವಾಡದ ಹುಡುಗರೆಲ್ಲ ತಲೆಮಾರುಗಳ ಕಾಲ ಮುಂಬಯಿಯ ಪರೀಕ್ಷೆಯನ್ನೇ ಬರೆದರು. ಕುಮಟಾದಲ್ಲಿ ಓದಿದ ಕವಿ ಗಂಗಾಧರ ಚಿತ್ತಾಲರು ಮ್ಯಾಟ್ರಿಕ್‌ನಲ್ಲಿ ಇಡೀ ಮುಂಬಯಿ ಪ್ರಾಂತ್ಯಕ್ಕೆ ಮೊದಲಿಗರಾದದ್ದನ್ನು ಆ ಕಡೆಯವರು ಇಂದಿಗೂ ಹೇಳುತ್ತಾರೆ. ಮೊದಲಿಗರ ಹೆಸರು ಹೀಗೆ ಉಳಿಯುತ್ತದೆ. ಎರಡನೆಯ, ಮೂರನೆಯ ಯತ್ನದಲ್ಲಿ ಪಾಸಾಗಿ ಮಾಸ್ತರರೋ ಗುಮಾಸ್ತರೋ ಆದವರ ಹೆಸರನ್ನು ಯಾರೂ ಬರೆದಿಡಲಿಲ್ಲ, ಅಂಥವರ ಸಂಖ್ಯೆಯೇ ದೊಡ್ಡದಿದ್ದರೂ.

ಮತ್ತೆ ಕೂತವರಲ್ಲಿ ತಮ್ಮ ಅನುಭವವನ್ನು ತಾವೇ ಬರೆದಿಟ್ಟವರು ಗಾಂಧೀಜಿ. 1887ರಲ್ಲಿ ಅಹಮದಾಬಾದ್ ಕೇಂದ್ರದಲ್ಲಿ ಅವರು ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ ಪಾಸಾದರು. ಬ್ಯಾರಿಸ್ಟರ್ ಆಗಲು ಲಂಡನ್ನಿಗೆ ಹೋದಾಗ, ಅಲ್ಲಿನ ಮ್ಯಾಟ್ರಿಕ್ಯುಲೇಶನ್ನನ್ನೂ ಕಟ್ಟಿದರು. ಲ್ಯಾಟಿನ್‌ನಲ್ಲಿ ನಪಾಸಾದರು. ಎದೆಗುಂದಿದರೂ ಬಿಡಲಿಲ್ಲ. ಲ್ಯಾಟಿನ್ನಿನ ರುಚಿ ಹತ್ತಿತ್ತು. ವಿಜ್ಞಾನದ ಪತ್ರಿಕೆಗೆ ಮಾತ್ರ ರಸಾಯನಶಾಸ್ತ್ರವನ್ನು ಬಿಟ್ಟು, ಶಾಖ ಮತ್ತು ಬೆಳಕು ಎಂಬ ವಿಷಯವನ್ನು ಆರಿಸಿಕೊಂಡರು. ಖರ್ಚು ತಗ್ಗಿಸಲು ಒಂದೇ ಕೋಣೆಗೆ ಬದಲಾಯಿಸಿ, ಒಲೆಯ ಮೇಲೆ ತಾವೇ ಬೇಯಿಸಿಕೊಂಡು ಓದಿದರು. 1890ರಲ್ಲಿ ಎರಡನೆಯ ಯತ್ನದಲ್ಲಿ ಪಾಸಾದರು. ಆತ್ಮಕಥೆಯಲ್ಲಿ ಇದಕ್ಕೆ ಸಿಗುವ ಜಾಗ ಬಹಳ ಸಣ್ಣದು. ಆದರೆ ಮತ್ತೆ ಕೂರುವವರು ಗಮನಿಸಬೇಕಾದ ಎರಡು ಸಂಗತಿ ಅಲ್ಲಿವೆ. ಮೊದಲನೆಯದು, ಎರಡನೆಯ ಸಲ ಅವರು ಹಿಂದಿನದನ್ನೇ ಹಾಗೇ ಮಾಡಲಿಲ್ಲ, ವಿಷಯವನ್ನೂ ಬದುಕುವ ರೀತಿಯನ್ನೂ ಬದಲಿಸಿಕೊಂಡರು. ಎರಡನೆಯದು, ಕಾನೂನಿನ ಓದು ನಿಲ್ಲಲಿಲ್ಲ. ಮ್ಯಾಟ್ರಿಕ್ ಅದರ ಪಕ್ಕದಲ್ಲೇ ಸಾಗಿತು.

ಮುಂಬಯಿಗೆ ಬಂದ ಕನ್ನಡಿಗರಲ್ಲಿ ಈ ಎರಡನೆಯ ಸಂಗತಿ ಒಂದು ಪದ್ಧತಿಯೇ ಆಯಿತು. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಹೋಟೆಲು ಕೆಲಸಕ್ಕೆ ಬಂದ ಹುಡುಗರು ಹಗಲು ಟೇಬಲ್ ಒರೆಸಿ, ಗ್ಲಾಸು ತೊಳೆದು, ಸಂಜೆ ರಾತ್ರಿಶಾಲೆಗೆ ಹೋಗುತ್ತಿದ್ದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ರಾತ್ರಿಶಾಲೆ ನಡೆಸಿತು; ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಶಾಲೆಯನ್ನು ಕಟ್ಟಿತು; ಕೋಟೆ ಪ್ರದೇಶದಲ್ಲಿ, ಮಾಟುಂಗ, ವಡಾಲದ ಕಡೆಗಳಲ್ಲಿ ಕನ್ನಡ ಮಾಧ್ಯಮದ ತರಗತಿಗಳು ನಡೆದವು. ಹೋಟೆಲಿನ ಪಾಳಿ ಮುಗಿಸಿ ಬಂದವರಿಗೆ ಮೇಷ್ಟ್ರು ಪಾಠ ಹೇಳುತ್ತಿದ್ದದ್ದು ಬೇರೆಡೆ ಹಗಲು ದುಡಿದು ದಣಿದ ಮೇಲೆಯೇ. ಹುಡುಗರು ಬೆಂಚಿನ ಮೇಲೆ ನಿದ್ದೆಹೋಗುವುದು ಆ ಶಾಲೆಗಳ ನಿತ್ಯದ ದೃಶ್ಯ.

ಇಂಥವರು ಎಸ್‌ಎಸ್‌ಸಿ ಪರೀಕ್ಷೆಯಲ್ಲಿ ಒಮ್ಮೆಗೇ ಪಾಸಾಗುವುದು ಅಪರೂಪವಾಗಿತ್ತು. ಗಣಿತದಲ್ಲೋ ಇಂಗ್ಲಿಷಿನಲ್ಲೋ ಹೋದರೆ ಅಕ್ಟೋಬರ್‌ಗೆ ಕೂರುವುದು. ಪಾಸಾದ ವಿಷಯಗಳಿಗೆ ಎಕ್ಸೆಂಪ್ಶನ್ ಸಿಗುತ್ತಿತ್ತು. ಹೋದದ್ದನ್ನಷ್ಟೇ ಮತ್ತೆ ಬರೆದರೆ ಸಾಕು. ಶಾಲೆ ಬಿಟ್ಟವರು 17 ನಂಬರ್ ಫಾರ್ಮ್ ತುಂಬಿ ಖಾಸಗಿಯಾಗಿ ಕಟ್ಟುತ್ತಿದ್ದರು. ಮೊದಲು ವಿಶ್ವವಿದ್ಯಾಲಯ, ಆಮೇಲೆ ಮುಂಬಯಿ ರಾಜ್ಯದ ಎಸ್‌ಎಸ್‌ಸಿ ಮಂಡಳಿ, 1966ರಿಂದ ಮಹಾರಾಷ್ಟ್ರ ರಾಜ್ಯ ಮಂಡಳಿ ಎಂದು ಪರೀಕ್ಷೆ ನಡೆಸುವವರು ಬದಲಾದರೂ ಈ ಕ್ರಮದ ತಿರುಳು ಬದಲಾಗಲಿಲ್ಲ. 35 ಅಂಕದ ಗೆರೆ ಇದ್ದಲ್ಲೇ ಇತ್ತು. ಪಕ್ಕದವನು 90 ತೆಗೆದರೂ ಆ ಗೆರೆ ಮೇಲೇರುತ್ತಿರಲಿಲ್ಲ. ಯತ್ನಗಳಿಗೆ ಲೆಕ್ಕವಿರಲಿಲ್ಲ. ಕೆಲಸ ಬಿಡಬೇಕಾಗಿರಲಿಲ್ಲ. ಊರಿಗೆ ಕಳಿಸುವ ಮನಿಆರ್ಡರ್ ನಿಲ್ಲುತ್ತಿರಲಿಲ್ಲ. ಮೂರನೆಯ ಅಕ್ಟೋಬರ್‌ನಲ್ಲಿ ಪಾಸಾದವನಿಗೂ ಮೊದಲ ಮಾರ್ಚ್‌ನಲ್ಲಿ ಪಾಸಾದವನಿಗೂ ಬ್ಯಾಂಕಿನ ಅರ್ಜಿಯಲ್ಲಿ ಬರೆಯಲು ಸಿಗುತ್ತಿದ್ದದ್ದು ಒಂದೇ ಪದ.

ಆ ತಲೆಮಾರಿನವರು ಬ್ಯಾಂಕು, ರೈಲ್ವೆ, ಮಿಲ್ಲು, ಸ್ವಂತ ಹೋಟೆಲು ಎಂದು ನೆಲೆ ಕಂಡುಕೊಂಡು ಮನೆ ಹುಡುಕಿಕೊಂಡು ಹೊರಟದ್ದು ಮಧ್ಯ ರೈಲ್ವೆಯ ದಾರಿಯಲ್ಲಿ. ಬೋರಿಬಂದರಿನಿಂದ ಥಾಣೆಗೆ 1853ರಲ್ಲಿ, ಕಲ್ಯಾಣಕ್ಕೆ 1854ರಲ್ಲಿ ಬಂದ ಹಳಿಗಳು ಒಂದು ಶತಮಾನದ ಬಳಿಕ ಮಧ್ಯಮ ವರ್ಗದ ಊರುಗಳನ್ನು ಬೆಳೆಸಿದವು. ಡೊಂಬಿವಲಿಯಲ್ಲಿ ಕನ್ನಡಿಗರು ಕರ್ನಾಟಕ ಸಂಘ ಕಟ್ಟಿದರು. ಸಂಘದ ಮಂಜುನಾಥ ವಿದ್ಯಾಲಯ ಬೆಳೆದು ಕಾಲೇಜೂ ಆಯಿತು. 1970ರಲ್ಲಿ ನಗರ ನಿರ್ಮಾಣದ ನಿಗಮ ಸಿಡ್ಕೋ ಸ್ಥಾಪನೆಯಾಗಿ ಥಾಣೆ ಕೊಲ್ಲಿಯ ಆಚೆ ನವಿಮುಂಬಯಿ ಎದ್ದಿತು. ರಾತ್ರಿಶಾಲೆಯಲ್ಲಿ ಓದಿದವರ ಮಕ್ಕಳು ಹಗಲಿನ ಶಾಲೆಗೆ ಹೋದರು, ಹೆಚ್ಚಿನವರು ಇಂಗ್ಲಿಷ್ ಮಾಧ್ಯಮಕ್ಕೆ. ಥಾಣೆಯ ಬಾಂದೋಡ್ಕರ್, ಕಲ್ಯಾಣದ ಬಿರ್ಲಾ, ಡೊಂಬಿವಲಿಯ ಪೆಂಢರ್ಕರ್ ಕಾಲೇಜುಗಳು ಮನೆಮಾತಾದವು.

ಆಗಲೂ ಸೀಟು ನಿರ್ಧಾರವಾಗುತ್ತಿದ್ದದ್ದು ಬೋರ್ಡ್ ಪರೀಕ್ಷೆಯಲ್ಲೇ. ಎಚ್‌ಎಸ್‌ಸಿಯ ಪಿಸಿಎಂ ಅಂಕಕ್ಕೆ ಎಂಜಿನಿಯರಿಂಗ್, ಪಿಸಿಬಿ ಅಂಕಕ್ಕೆ ಮೆಡಿಕಲ್. ಅಂಕ ಸಾಲದವರು ಎಫ್‌ವೈಬಿಎಸ್‌ಸಿ ಸೇರುತ್ತಿದ್ದರು. 1983ರಲ್ಲಿ ವಸಂತದಾದಾ ಪಾಟೀಲರ ಸರ್ಕಾರ ಅನುದಾನವಿಲ್ಲದ ಖಾಸಗಿ ವೃತ್ತಿಪರ ಕಾಲೇಜುಗಳಿಗೆ ದಾರಿ ತೆರೆಯಿತು. ಅಲ್ಲಿಂದಾಚೆ ನೆರೂಳ್, ವಾಶಿ, ಐರೋಲಿ, ಬೇಲಾಪುರ, ಕಾಮೋಠೆಯಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳು ಸಾಲಾಗಿ ಎದ್ದವು. ಥಾಣೆ ಮಹಾನಗರಪಾಲಿಕೆಯ ಮೆಡಿಕಲ್ ಕಾಲೇಜು 1992ರಲ್ಲಿ ಕಳ್ವಾದಲ್ಲಿ ಆರಂಭವಾಯಿತು. ಸೀಟು ಹೆಚ್ಚಾದರೆ ಮತ್ತೆ ಪರೀಕ್ಷೆಗೆ ಕೂರುವವರು ಕಡಿಮೆಯಾಗಬೇಕಿತ್ತು. ನಡೆದದ್ದು ಬೇರೆ. ದುಡ್ಡಿದ್ದವರು ಡೊನೇಶನ್ ಕೊಟ್ಟು ಅದೇ ವರ್ಷ ಸೇರಿದರು. ದುಡ್ಡಿಲ್ಲದವರಿಗೆ ಕಡಿಮೆ ಶುಲ್ಕದ ಸರ್ಕಾರಿ ಸೀಟೇ ಗತಿ. ಅದಕ್ಕಾಗಿ ಅವರು ತಮ್ಮಲ್ಲಿದ್ದ ಒಂದೇ ಬಂಡವಾಳವನ್ನು, ಅಂದರೆ ಒಂದು ವರ್ಷದ ವಯಸ್ಸನ್ನು, ಹೂಡಬೇಕಾಯಿತು. ಮತ್ತೆ ಕೂರುವ ತೀರ್ಮಾನದಲ್ಲಿ ಶುಲ್ಕದ ಮಾತು ಸೇರಿಕೊಂಡದ್ದು ಹೀಗೆ. ಅದು ಇಂದಿಗೂ ಬಿಟ್ಟುಹೋಗಿಲ್ಲ.

ನಿಜವಾದ ತಿರುವು ತಂದದ್ದು ರ‍್ಯಾಂಕಿನ ಪರೀಕ್ಷೆ. ಐಐಟಿಗಳ ಜಂಟಿ ಪರೀಕ್ಷೆ 1960ರ ದಶಕದಿಂದಲೇ ಇತ್ತು; ಪೊವಾಯಿಯ ಐಐಟಿ 1958ರಲ್ಲೇ ಆರಂಭವಾಗಿತ್ತು. ಥಾಣೆಯಿಂದ ನೋಡಿದರೆ ಅದು ಮುಲುಂಡ್ ದಾಟಿದರೆ ಸಿಗುವಷ್ಟು ಹತ್ತಿರ. ಆದರೂ ಬಹಳ ಕಾಲ ಅದು ಕೆಲವರ ಹಂಬಲವಾಗಿಯಷ್ಟೇ ಉಳಿಯಿತು. ಕರ್ನಾಟಕ 1984ರಲ್ಲಿ ಸಿಇಟಿ ತಂದಿತು. ಅಖಿಲ ಭಾರತ ಪ್ರೀ-ಮೆಡಿಕಲ್ ಪರೀಕ್ಷೆ 1988ರಲ್ಲಿ ಬಂತು. ಮಹಾರಾಷ್ಟ್ರ 1990ರ ದಶಕದ ಕೊನೆಗೆ ವೈದ್ಯಕೀಯಕ್ಕೆ, 2004ರ ಹೊತ್ತಿಗೆ ಎಂಜಿನಿಯರಿಂಗಿಗೆ ಸಿಇಟಿ ಕಡ್ಡಾಯ ಮಾಡಿತು. 2002ರಲ್ಲಿ ಎಂಜಿನಿಯರಿಂಗಿನ ಅಖಿಲ ಭಾರತ ಪರೀಕ್ಷೆ ಎಐಇಇಇ ಆರಂಭವಾಗಿ 2013ರಲ್ಲಿ ಜೆಇಇ ಮೇನ್ ಆಯಿತು. ಇಪ್ಪತ್ತು ವರ್ಷಗಳ ಒಳಗೆ ಬಾಗಿಲು ಕಾಯುವ ಕೆಲಸ ಬೋರ್ಡಿನಿಂದ ಹೊಸ ಪರೀಕ್ಷೆಗಳಿಗೆ ಹೋಯಿತು.

ಮ್ಯಾಟ್ರಿಕ್, ಎಸ್‌ಎಸ್‌ಸಿಗಳಲ್ಲಿ ಇದ್ದದ್ದು ಒಂದು ಗೆರೆ. ಹೊಸ ಪರೀಕ್ಷೆಗಳಲ್ಲಿ ಇರುವುದು ಒಂದು ಸಾಲು. ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ಹಿಡಿಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಜಾಗ ಸಿಗುವುದು ನೀವು ಎಷ್ಟು ಹೊತ್ತಿಗೆ ಬಂದಿರಿ ಎಂಬುದರಿಂದಲ್ಲ, ನಿಮಗಿಂತ ಮುಂಚೆ ಎಷ್ಟು ಮಂದಿ ಹತ್ತಿದ್ದಾರೆ ಎಂಬುದರಿಂದ. ಹೋದ ವರ್ಷಕ್ಕಿಂತ 40 ಅಂಕ ಹೆಚ್ಚು ತೆಗೆದೂ ಹೋದ ವರ್ಷಕ್ಕಿಂತ ಹಿಂದಿನ ರ‍್ಯಾಂಕಿಗೆ ಇಳಿಯಬಹುದು. ಮತ್ತೆ ಕೂರುವವರು ಹೆಚ್ಚಾದಷ್ಟೂ ಮೊದಲ ಸಲ ಕೂರುವವರ ಜಾಗ ಹಿಂದೆ ಸರಿಯುತ್ತದೆ. ಹಿಂದೆ ಸರಿದವರು ಮರುವರ್ಷ ತಾವೂ ಮತ್ತೆ ಕೂರುತ್ತಾರೆ. ತಮಿಳುನಾಡು ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಎ. ಕೆ. ರಾಜನ್ ಸಮಿತಿ 2021ರಲ್ಲಿ ಈ ಚಕ್ರವನ್ನು ಅಂಕಿಯಲ್ಲಿ ತೋರಿಸಿತು: ಆ ರಾಜ್ಯದಲ್ಲಿ ಎಂಬಿಬಿಎಸ್ ಸೇರಿದವರಲ್ಲಿ ಮತ್ತೆ ಬರೆದವರ ಪಾಲು, ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಬರುವ ಮುಂಚೆ 2016-17ರಲ್ಲಿ ಶೇ. 12ರಷ್ಟಿದ್ದದ್ದು 2020-21ಕ್ಕೆ ಶೇ. 71ಕ್ಕೆ ಏರಿತ್ತು. ಸಾಲಿನ ಪರೀಕ್ಷೆ ಇರುವ ಕಡೆಯಲ್ಲೆಲ್ಲ ಇದು ಕಂಡುಬರುತ್ತದೆ. ಜಪಾನಿನಲ್ಲಿ ಇಂಥ ವಿದ್ಯಾರ್ಥಿಗಳನ್ನು ಒಡೆಯನಿಲ್ಲದ ಯೋಧರ ಹೆಸರಿನಲ್ಲಿ ರೋನಿನ್ ಎನ್ನುತ್ತಾರೆ. ಕೊರಿಯಾದಲ್ಲಿ ಅವರಿಗಾಗಿಯೇ ದೊಡ್ಡ ಕೋಚಿಂಗ್ ಸಂಸ್ಥೆಗಳಿವೆ.

ಭಾರತದಲ್ಲಿ ಈ ಕೋಚಿಂಗ್ ಉದ್ಯಮದ ರಾಜಧಾನಿ ರಾಜಸ್ಥಾನದ ಕೋಟಾ. ಜೆಕೆ ಸಿಂಥೆಟಿಕ್ಸ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ವಿ. ಕೆ. ಬನ್ಸಲ್ 1980ರ ದಶಕದಲ್ಲಿ ಮನೆಯಲ್ಲಿ ಪಾಠ ಹೇಳುತ್ತ ಹೇಳುತ್ತ 1991ರಲ್ಲಿ ಬನ್ಸಲ್ ಕ್ಲಾಸಸ್ ಆರಂಭಿಸಿದರು. ಆ ಮಾದರಿ ಮುಂಬಯಿಗೂ ಬಂತು. ಥಾಣೆ, ಕಲ್ಯಾಣ್, ವಾಶಿ ನಿಲ್ದಾಣಗಳಿಂದ ಹೊರಬಂದರೆ ಕಣ್ಣಿಗೆ ಬೀಳುವ ಫಲಕಗಳಲ್ಲಿ ರ‍್ಯಾಂಕ್ ಬಂದ ಮಕ್ಕಳ ಮುಖಗಳು ತುಂಬಿಕೊಂಡವು. ಇಂಟಿಗ್ರೇಟೆಡ್ ಎಂಬ ಏರ್ಪಾಟಿನಲ್ಲಿ ಜೂನಿಯರ್ ಕಾಲೇಜಿನಲ್ಲಿ ಹೆಸರು ಮಾತ್ರ ಇರುತ್ತದೆ, ಓದು ಕ್ಲಾಸಿನಲ್ಲಿ ನಡೆಯುತ್ತದೆ. ಇದನ್ನು ತಡೆಯಲೆಂದು ಮಹಾರಾಷ್ಟ್ರ ಸರ್ಕಾರ 2018ರಲ್ಲಿ ಮುಂಬಯಿ ಸೇರಿದಂತೆ ಕೆಲವು ವಿಭಾಗಗಳ ಜೂನಿಯರ್ ಕಾಲೇಜುಗಳ ವಿಜ್ಞಾನ ತರಗತಿಗಳಿಗೆ ಬಯೋಮೆಟ್ರಿಕ್ ಹಾಜರಿ ಕಡ್ಡಾಯ ಮಾಡಿತು. ಶಾಲೆಯಿಂದ ಪರೀಕ್ಷೆ ಬೇರ್ಪಟ್ಟದ್ದರ ಕೊನೆಯ ಹಂತ ಡ್ರಾಪ್. 12 ಮುಗಿದ ಮೇಲೆ ಎಲ್ಲಿಯೂ ಸೇರದೆ, ಒಂದು ವರ್ಷ ಪೂರ್ತಿ ಕ್ಲಾಸು ಮತ್ತು ಮನೆ. ರಾತ್ರಿಶಾಲೆಯ ಹುಡುಗ ಕೆಲಸ ಬಿಡದೆ ಮತ್ತೆ ಕೂರುತ್ತಿದ್ದ. ಅವನ ಮೊಮ್ಮಗ ಮತ್ತೆ ಕೂರಲು ಎಲ್ಲವನ್ನೂ ಬಿಡಬೇಕಾಯಿತು. ಆ ಮನೆಯಲ್ಲಿ ಅಜ್ಜ "ನಾವೂ ಎರಡೆರಡು ಸಲ ಕಟ್ಟಿದವರೇ, ಇದಕ್ಕೆ ಇಷ್ಟೇಕೆ ಒದ್ದಾಡುತ್ತೀಯಾ ಮಗಾ" ಎಂದರೆ ಅದರಲ್ಲಿ ಪ್ರೀತಿ ಇದೆ. ಆದರೆ ಅವನ ಮೊಮ್ಮಗ ದಾಟಬೇಕಾದದ್ದು ಅಜ್ಜ ದಾಟಿದ ಗೆರೆಯಲ್ಲ.

ಇದರ ಮೇಲೆ ನಿಯಮಗಳ ಏರಿಳಿತ ಬೇರೆ. ನೀಟ್‌ನ ಚರಿತ್ರೆಯನ್ನೇ ನೋಡಿ. 2013ರ ಮೇ 5ರಂದು ಮೊದಲ ನೀಟ್ ನಡೆಯಿತು. ಜುಲೈ 18ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2016ರ ಏಪ್ರಿಲ್‌ನಲ್ಲಿ ಮತ್ತೆ ಜೀವ ಬಂತು. ಆ ವರ್ಷ ಮಹಾರಾಷ್ಟ್ರದ ಮಕ್ಕಳು ಮೇ 5ರಂದು ರಾಜ್ಯದ ಸಿಇಟಿ ಬರೆದು ಬಂದರು, ಬರೆದದ್ದು ಲೆಕ್ಕಕ್ಕಿದೆಯೇ ಇಲ್ಲವೇ ಎಂದು ತಿಳಿಯದೆ ಕಾದರು. ಮೇ 24ರ ಸುಗ್ರೀವಾಜ್ಞೆ ಆ ಒಂದು ವರ್ಷಕ್ಕೆ ವಿನಾಯಿತಿ ಕೊಟ್ಟಿತು. 2017ರಿಂದ ನೀಟ್ ಕನ್ನಡದಲ್ಲೂ ಬರೆಯುವಂತಾಯಿತು. ಸಾಮಾನ್ಯ ವರ್ಗಕ್ಕೆ 25 ವರ್ಷದ ವಯೋಮಿತಿ ಬಂತು, ಕೋರ್ಟಿನಲ್ಲಿ ಎಳೆದಾಡಿತು, 2022ರಲ್ಲಿ ಪೂರ್ತಿ ಹೋಯಿತು. ಐಐಟಿ 2000ರ ದಶಕದ ನಡುವೆ ಯತ್ನಗಳನ್ನು ಎರಡಕ್ಕೆ ಇಳಿಸಿತು. ಕೋಚಿಂಗಿನ ಹಿಡಿತ ತಗ್ಗಿಸುವುದೇ ಅದರ ಉದ್ದೇಶ. ನೀಟ್‌ಗೆ ಅಂಥ ಮಿತಿ ಇಲ್ಲ. ಎಂಜಿನಿಯರಿಂಗ್ ಬಯಸುವವರ ಮನೆಯಲ್ಲಿ ಒಂದೇ ವರ್ಷಕ್ಕೆ ಮುಗಿಯುವ ಚರ್ಚೆ ಮೆಡಿಕಲ್ ಬಯಸುವವರ ಮನೆಯಲ್ಲಿ ಮೂರು ನಾಲ್ಕು ವರ್ಷ ಎಳೆಯುವುದಕ್ಕೆ ಇದೇ ಕಾರಣ.

2024ರ ನೀಟ್ ಗೊಂದಲ ಎಲ್ಲರಿಗೂ ನೆನಪಿದೆ. ಕೃಪಾಂಕ ಪಡೆದಿದ್ದ 1,563 ಮಂದಿಗೆ ಮರುಪರೀಕ್ಷೆಯ ಅವಕಾಶ ಸಿಕ್ಕಿತು. ಜೂನ್ 23ರಂದು ಅವರಲ್ಲಿ 813 ಮಂದಿ ಮತ್ತೆ ಕೂತರು. ಪ್ರಶ್ನೆಪತ್ರಿಕೆ ಸೋರಿಕೆಯ ಆರೋಪದ ಮೇಲೆ 23 ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳಿಗೆ ಮತ್ತೆ ಪರೀಕ್ಷೆ ಮಾಡಬೇಕೆಂಬ ಬೇಡಿಕೆಯನ್ನು ಜುಲೈ 23ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಫಲಿತಾಂಶ ಬಂದ ಜೂನ್ 4ರಿಂದ ಆ ದಿನದವರೆಗೆ ಲಕ್ಷಾಂತರ ಮನೆಗಳಲ್ಲಿ ಡ್ರಾಪ್ ತೆಗೆದುಕೊಳ್ಳುವುದೋ ಬೇಡವೋ ಎಂದು ತೀರ್ಮಾನಿಸುವುದೇ ಸಾಧ್ಯವಿರಲಿಲ್ಲ.

ಬಯಸದೆ ಬಂದ ಮರುಪರೀಕ್ಷೆಯೊಂದು ಥಾಣೆಯ ಮಗ್ಗುಲಿಂದಲೇ ಹುಟ್ಟಿತ್ತು. 2020ರ ಅಕ್ಟೋಬರ್ 12ರ ಬೆಳಗ್ಗೆ ಕಳ್ವಾ–ಪಡಘೆ ಭಾಗದ ವಿದ್ಯುತ್ ಜಾಲ ಕೈಕೊಟ್ಟು ಮುಂಬಯಿ, ಥಾಣೆ, ನವಿಮುಂಬಯಿಯಲ್ಲಿ ಕರೆಂಟು ಹೋಯಿತು, ಲೋಕಲ್ ರೈಲುಗಳು ಹಳಿಯ ಮೇಲೆ ನಿಂತವು. ಅದು ರಾಜ್ಯದ ಪ್ರವೇಶ ಪರೀಕ್ಷೆ ಎಂಎಚ್‌ಟಿ-ಸಿಇಟಿ ನಡೆಯುತ್ತಿದ್ದ ದಿನ. ತೊಂದರೆಗೊಳಗಾದವರಿಗೆ ಮತ್ತೊಂದು ಅವಕಾಶ ಕೊಡುವುದಾಗಿ ಸರ್ಕಾರ ಹೇಳಬೇಕಾಯಿತು.

ಇಲ್ಲಿನ ಕನ್ನಡ ಮನೆಗಳಿಗೆ ಮಾತ್ರ ಇರುವ ಇನ್ನೊಂದು ತೊಡಕಿದೆ. ಅವರ ಮುಂದೆ ಎರಡು ರಾಜ್ಯಗಳ ಬಾಗಿಲು ಕಾಣುತ್ತದೆ. ಎರಡಕ್ಕೂ ಬೇರೆ ಬೇರೆ ಬೀಗ. ಮಹಾರಾಷ್ಟ್ರದ ಮೆಡಿಕಲ್ ರಾಜ್ಯ ಕೋಟಾಕ್ಕೆ, ಕೆಲವು ವಿನಾಯಿತಿ ಬಿಟ್ಟರೆ, 10 ಮತ್ತು 12 ಎರಡನ್ನೂ ಮಹಾರಾಷ್ಟ್ರದಲ್ಲೇ ಪಾಸಾಗಿರಬೇಕು, ಡೊಮಿಸೈಲ್ ಬೇಕು. ಕರ್ನಾಟಕದಲ್ಲಿ ಸಾಮಾನ್ಯ ನಿಯಮದಂತೆ ಅಲ್ಲಿ 7 ವರ್ಷ ಓದಿರಬೇಕು. ಊರಿನ ಕಡೆ ಒಳ್ಳೆಯ ಪಿಯು ಕಾಲೇಜಿದೆ, ಹಾಸ್ಟೆಲಿದೆ ಎಂದು ಹತ್ತನೆಯ ನಂತರ ಮಕ್ಕಳನ್ನು ಮೂಡುಬಿದಿರೆ, ಮಂಗಳೂರಿನ ಕಡೆ ಕಳಿಸುವ ಮನೆಗಳು ಡೊಂಬಿವಲಿಯಲ್ಲಿ, ಥಾಣೆಯಲ್ಲಿ ಇವೆ. ಕಳಿಸಿದ ಮೇಲೆ ಮಹಾರಾಷ್ಟ್ರದ ಮೆಡಿಕಲ್ ಕೋಟಾ ಕೈತಪ್ಪುತ್ತದೆ. ಕರ್ನಾಟಕದ ಬಾಗಿಲು ಆಗ ತೆರೆಯುವುದು ಅಪ್ಪ ಅಥವಾ ಅಮ್ಮ ಅಲ್ಲಿ ಕನಿಷ್ಠ 7 ವರ್ಷ ಓದಿದ್ದರೆ. ಹಾಗೆ ಹೋಟೆಲು ಕೆಲಸಕ್ಕೆಂದು ಊರು ಬಿಟ್ಟ ಅಪ್ಪನ ಹಳೆಯ ಪ್ರಾಥಮಿಕ ಶಾಲೆಯ ದಾಖಲೆಯೇ ಮಗಳ ಸೀಟಿಗೆ ಆಧಾರವಾಗುತ್ತದೆ. ಏಳನೆಯವರೆಗೆ ಓದಿ ಬಂದವನಿಗೆ ಅದು ಒದಗುತ್ತದೆ. ಐದಕ್ಕೇ ಬಿಟ್ಟು ಬಂದವನಿಗಿಲ್ಲ.

ಹೊರನಾಡ ಕನ್ನಡಿಗರಿಗೆ ಕರ್ನಾಟಕ ಸಿಇಟಿಯಲ್ಲಿ ಬೇರೆಯದೇ ಒಂದು ದಾರಿಯೂ ಇದೆ. ಕನ್ನಡ, ತುಳು, ಕೊಡವ ಮನೆಮಾತಿನವರು 50 ಅಂಕದ ಕನ್ನಡ ಭಾಷಾ ಪರೀಕ್ಷೆ ಬರೆದು ಕನಿಷ್ಠ 12 ತೆಗೆಯಬೇಕು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ, ಗಡಹಿಂಗ್ಲಜದವರು ಗಡಿನಾಡ ಕನ್ನಡಿಗರ ವಿಭಾಗಕ್ಕೆ ಸೇರುತ್ತಾರೆ. ಥಾಣೆ ಜಿಲ್ಲೆಯವರು ಹೊರನಾಡಿಗೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುತ್ತ, ಅಕ್ಷರ ಕಲಿಯದ ಮಕ್ಕಳಿಗೆ ಈ 12 ಅಂಕವೂ ಸುಲಭವಲ್ಲ. ಮೊದಲ ಯತ್ನದಲ್ಲಿ ಈ ದಾರಿ ಇರುವುದೇ ಅನೇಕರಿಗೆ ತಿಳಿದಿರುವುದಿಲ್ಲ. ಎರಡನೆಯ ಸಲಕ್ಕೆ ತಯಾರಾಗುವಾಗ ಭೌತಶಾಸ್ತ್ರದ ಜೊತೆಗೆ ಕಾಗುಣಿತವನ್ನೂ ಕಲಿಯುವುದು ಆಗ ನಿಜಕ್ಕೂ ಫಲ ಕೊಡುವ ಬದಲಾವಣೆ.

ಕರ್ನಾಟಕದ ಕಡೆ ನೋಡುವವರು 2022ರ ಪ್ರಕರಣವನ್ನೂ ತಿಳಿದಿರಬೇಕು. 2021ರಲ್ಲಿ ಕೋವಿಡ್‌ನಿಂದಾಗಿ ದ್ವಿತೀಯ ಪಿಯು ಪರೀಕ್ಷೆಯೇ ನಡೆದಿರಲಿಲ್ಲ. ಮರುವರ್ಷ ಮತ್ತೆ ಸಿಇಟಿ ಬರೆದ ಆ ತಂಡದ ಸುಮಾರು 24,000 ಮಂದಿಯ ಪಿಯು ಅಂಕವನ್ನು ಪರೀಕ್ಷಾ ಪ್ರಾಧಿಕಾರ ಪರಿಗಣಿಸಲಿಲ್ಲ. ಹೊಸಬರಿಗೆ ಪಿಯು ಮತ್ತು ಸಿಇಟಿ ಎರಡೂ ಅಂಕ ಸೇರಿದವು. ಒಳ್ಳೆಯ ಅಂಕ ಪಡೆದ ಪುನರಾವರ್ತಿತ ವಿದ್ಯಾರ್ಥಿಗಳ ರ‍್ಯಾಂಕ್ ಪಾತಾಳಕ್ಕೆ ಇಳಿಯಿತು. ಸೆಪ್ಟೆಂಬರ್ 3ರಂದು ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಸರ್ಕಾರ ಮೇಲ್ಮನವಿ ಹೋದ ಮೇಲೆ, ಹಳೆಯ ಅಂಕವನ್ನು ಒಂದಿಷ್ಟು ಇಳಿಸಿ ಲೆಕ್ಕಕ್ಕೆ ಸೇರಿಸುವ ಸೂತ್ರಕ್ಕೆ ಎಲ್ಲರೂ ಒಪ್ಪಬೇಕಾಯಿತು. ಇಡೀ ವರ್ಷ ಓದಿದವರಿಗೆ ತಮ್ಮ ಓದಿನ ಬೆಲೆ ಎಷ್ಟು ಎಂದು ಗೊತ್ತಾದದ್ದು ಪರೀಕ್ಷೆ ಮುಗಿದು ತಿಂಗಳುಗಳ ಬಳಿಕ.

ಇಷ್ಟೆಲ್ಲ ನೋಡಿದ ಮೇಲೆ ಮತ್ತೆ ಕೂರುವುದು ಸರಿಯೋ ತಪ್ಪೋ ಎಂದು ಒಂದೇ ಮಾತಿನಲ್ಲಿ ಹೇಳಲು ಯಾರಿಗೂ ಹಕ್ಕಿಲ್ಲ. ಆದರೆ ಕೇಳಬೇಕಾದ ಪ್ರಶ್ನೆಗಳನ್ನು ಚರಿತ್ರೆ ಸ್ಪಷ್ಟವಾಗಿ ತೋರಿಸುತ್ತದೆ. ಹೋದ ಸಲ ತಪ್ಪಿದ್ದು ಏನು, ಈ ಸಲ ಬದಲಾಗುವುದು ಏನು? ಜ್ವರ ಬಂದಿತ್ತು, ರಸಾಯನಶಾಸ್ತ್ರದ ಅರ್ಧ ಪಾಠ ಓದಿರಲಿಲ್ಲ, ಬೋರ್ಡಿಗೂ ನೀಟ್‌ಗೂ ಒಟ್ಟಿಗೆ ಸಮಯ ಸಾಲಲಿಲ್ಲ ಎಂಬಂಥ ಕಾರಣವಿದ್ದರೆ ಇನ್ನೊಂದು ವರ್ಷಕ್ಕೆ ಅರ್ಥವಿದೆ. ಅದೇ ಕ್ಲಾಸು, ಅದೇ ನೋಟ್ಸು, ಅದೇ ಮೇಜಿಗೆ ಮರಳುವುದಾದರೆ ಸಾಲಿನಲ್ಲಿ ಜಾಗ ಮುಂದೆ ಬರುವ ಭರವಸೆ ಕಡಿಮೆ. ಕೈಯಲ್ಲಿರುವ ಸೀಟು ಯಾವುದು? ಅದನ್ನು ಹಿಡಿದುಕೊಂಡೇ ಮತ್ತೆ ಬರೆಯಬಹುದೇ? ಐಐಟಿ ಸೇರಿದವರು ಮತ್ತೆ ಅಡ್ವಾನ್ಸ್‌ಡ್ ಬರೆಯುವಂತಿಲ್ಲ. ಬಿಎಸ್‌ಸಿಯಲ್ಲಿರುವವರು ನೀಟ್ ಬರೆಯಲು ಅಡ್ಡಿಯಿಲ್ಲ. ಮನೆಯಲ್ಲಿ ತಂಗಿಯ ಫೀಸಿನ ವರ್ಷ ಯಾವುದು? ಡ್ರಾಪ್ ತೆಗೆದುಕೊಂಡರೆ ಮುಂದೆ ಪ್ರವೇಶದ ಹೊತ್ತಿಗೆ ಗ್ಯಾಪ್ ಅಫಿಡವಿಟ್ ಮಾಡಿಸಬೇಕೆಂಬುದು ಸಣ್ಣ ವಿಷಯ. ಆ ವರ್ಷವನ್ನು ಹುಡುಗಿ ಯಾರ ಜೊತೆ ಕಳೆಯುತ್ತಾಳೆ, ದಿನಕ್ಕೆ ಒಬ್ಬ ಗೆಳತಿಯೊಡನಾದರೂ ಮಾತಾಡುತ್ತಾಳೆಯೇ ಎಂಬುದು ದೊಡ್ಡದು. ಕೋಟಾ ನಗರದಿಂದ ಬರುವ ಸಾವಿನ ಸುದ್ದಿಗಳನ್ನು ಓದಿದವರು ಇದನ್ನು ಹಗುರವಾಗಿ ಕಾಣಲಾರರು. 2024ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿ, 16 ವರ್ಷದ ಒಳಗಿನವರನ್ನು ಸೇರಿಸಿಕೊಳ್ಳಬಾರದು ಎಂದಿತು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರಲಿ ರಾತ್ರಿಯಿರಲಿ ಕರೆ ಮಾಡಬಹುದು. ಆ ನಂಬರು ಡ್ರಾಪ್ ವರ್ಷದ ಪ್ರತಿ ಮನೆಯ ಫ್ರಿಜ್ಜಿನ ಮೇಲೆ ಇರಬೇಕು.

ಪದ್ಧತಿ ಮತ್ತೆ ಬದಲಾಗುತ್ತಿದೆ. ಜೆಇಇ ಮೇನ್ 2019ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತಿದೆ, ಉತ್ತಮ ಅಂಕವೇ ಲೆಕ್ಕಕ್ಕೆ ಬರುತ್ತದೆ. ಎಂಎಚ್‌ಟಿ-ಸಿಇಟಿಯನ್ನೂ 2026ರಿಂದ ಎರಡು ಸಲ ನಡೆಸುವುದಾಗಿ ಮಹಾರಾಷ್ಟ್ರ ಸರ್ಕಾರ 2025ರಲ್ಲಿ ಘೋಷಿಸಿತು. ಎಂಜಿನಿಯರಿಂಗ್ ಬಯಸುವವರಿಗೆ ಮತ್ತೆ ಕೂರುವುದು ಒಂದು ವರ್ಷದ ಮಾತಾಗಿ ಉಳಿಯದೆ, ಹಳೆಯ ಅಕ್ಟೋಬರ್ ಪರೀಕ್ಷೆಯಂತೆ ಕೆಲವು ವಾರಗಳ ಮಾತಾಗಬಹುದು. ಮೆಡಿಕಲ್ ಬಯಸುವವರ ವರ್ಷ ಮಾತ್ರ ಇನ್ನೂ ಹಾಗೇ ಇದೆ.

ಈ ಊರುಗಳ ಕನ್ನಡ ಸಂಘಗಳು ಪ್ರತಿ ಮಳೆಗಾಲ ಪ್ರತಿಭಾ ಪುರಸ್ಕಾರ ನಡೆಸುತ್ತವೆ, ಪುಸ್ತಕ ಹಂಚುತ್ತವೆ, ಹೆಚ್ಚು ಅಂಕ ಪಡೆದವರ ಫೋಟೋ ಮುಂಬಯಿಯ ಕನ್ನಡ ಪತ್ರಿಕೆಗಳಲ್ಲಿ ಬರುತ್ತದೆ. ಅದು ಬೇಕು. ಜೊತೆಗೆ, ಅದೇ ಸಭಾಂಗಣದಲ್ಲಿ ಜೂನ್‌ನ ಒಂದು ಭಾನುವಾರವನ್ನು ಮತ್ತೆ ಕೂರಬೇಕೇ ಎಂದು ಯೋಚಿಸುತ್ತಿರುವವರಿಗೆ ಮೀಸಲಿಡಬೇಕು. ಆ ವರ್ಷದ ನಿಯಮಗಳನ್ನು ಬಲ್ಲವರೊಬ್ಬರು, ಹೊರನಾಡ ಕೋಟಾದ ಕಾಗದಪತ್ರ ಮಾಡಿಸಿ ಗೊತ್ತಿರುವವರೊಬ್ಬರು, ಡ್ರಾಪ್ ತೆಗೆದುಕೊಂಡು ಸೀಟು ಪಡೆದವರೊಬ್ಬರು, ಡ್ರಾಪ್ ತೆಗೆದುಕೊಂಡೂ ಸಿಗದೆ ಬೇರೆ ದಾರಿಯಲ್ಲಿ ಚೆನ್ನಾಗಿರುವವರೊಬ್ಬರು ಅಲ್ಲಿ ಕೂತರೆ ಸಾಕು. ಕನ್ನಡ ಅಕ್ಷರ ಕಲಿಯಬೇಕಾದ ಮಕ್ಕಳಿಗೆ ವಾರಕ್ಕೆರಡು ಸಂಜೆ ತರಗತಿ ನಡೆಸಲು ಸಂಘಗಳಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ಕೋಣೆಗಳಿವೆ. ರಾತ್ರಿಶಾಲೆಗಳನ್ನು ಕಟ್ಟಿದವರು ಇದಕ್ಕಿಂತ ಕಡಿಮೆ ಅನುಕೂಲದಲ್ಲಿ ಇದಕ್ಕಿಂತ ಹೆಚ್ಚಿನದನ್ನು ಮಾಡಿದ್ದರು. ಮುಂದಿನ ಜೂನ್‌ಗೆ ಇದನ್ನು ಆರಂಭಿಸಲು ಸಂಘಗಳ ಕಾರ್ಯಕಾರಿ ಸಮಿತಿಯ ಒಂದು ಸಭೆಯ ತೀರ್ಮಾನ ಸಾಕು.